ಮಲ್ಲಯ್ಯನ ಹಾದಿ ಕರೆಯುವಾಗ

ಹೋಳಿ ಹುಣ್ಣಿಮೆ ಮುಗಿದು ಬಿಸಿಲು ಬಲಿಯತೊಡಗಿದಂತೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೇಳಲಾಗದ ಒಂದು ತಳಮಳ ತಲೆದೋರುತ್ತದೆ. ಜೋಳದ ರಾಶಿ ಮುಗಿದಿರುತ್ತದೆ. ಕಡಲೆ, ಕುಸುಬಿ ಮನೆ ಸೇರಿರುತ್ತವೆ. ಹೊಲ ಬರಿದಾಗಿ, ಕೈಗೆ ಬಿಡುವು ದೊರೆತು, ಮನಸ್ಸು ಮಾತ್ರ ಎತ್ತಲೋ ಎಳೆಯತೊಡಗುತ್ತದೆ. ವರ್ಷವಿಡೀ ಪೂಜೆಗೊಳ್ಳುತ್ತಿದ್ದ ಮಲ್ಲಯ್ಯನ ಕಂಬಿ ಹೊರಬಂದು ಹೆಗಲೇರುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರು ಸೀಮೆಗಳಿಂದಲೂ, ಗಡಿಯಾಚೆಯ ಸೊಲ್ಲಾಪುರದ ಕಡೆಯಿಂದಲೂ ಜನರು ಮೂಡಣಕ್ಕೆ ಮುಖಮಾಡಿ ನಡೆಯುತ್ತಾರೆ. ಯುಗಾದಿಯ ಹೊತ್ತಿಗೆ ಶ್ರೀಶೈಲವನ್ನು ಮುಟ್ಟಬೇಕು ಎಂಬುದೊಂದೇ ಅವರ ಲೆಕ್ಕ.

ಇವರಾರೂ ವಿರಾಗಿಗಳಲ್ಲ. ತಾಲೂಕಿನ ಊರಿಗೆ ಹೋಗುವ ಬಸ್ಸು ಅರ್ಧ ಗಂಟೆ ತಡವಾದರೆ ಗೊಣಗುವ ಮಂದಿಯೇ ಇವರು. ಸಾಲ, ಮಕ್ಕಳ ಮದುವೆ, ದಾಯಾದಿಗಳ ತಂಟೆ ಎಲ್ಲವೂ ಇವರಿಗುಂಟು. ಆದರೂ ಎಷ್ಟೋ ದಿನಗಳವರೆಗೆ ಬರಿಗಾಲಲ್ಲಿ, ಕೆಲವರು ಮರಗಾಲು ಕಟ್ಟಿಕೊಂಡು, ಸುಡುವ ನೆಲವನ್ನು ತುಳಿಯುತ್ತಾರೆ. ಇವರನ್ನು ಮನೆಯಿಂದ ಎಬ್ಬಿಸಿ ನಡೆಸುವ ಶಕ್ತಿ ಯಾವುದು? ಈ ಪ್ರಶ್ನೆ ಬೇರೆಯವರಿಗಿಂತ ನಮ್ಮ ಸಮಾಜದವರಿಗೇ ಹೆಚ್ಚು ಕಠಿಣವಾದುದು. ಏಕೆಂದರೆ ಇಷ್ಟಲಿಂಗವನ್ನು ಕೊರಳಲ್ಲಿ ಧರಿಸಿದವರು ನಾವು. ದೇವರನ್ನು ಹುಡುಕಿಕೊಂಡು ಊರೂರು ಅಲೆಯಬೇಕಾಗಿಲ್ಲವೆಂದು ತಿಳಿಸಿಕೊಟ್ಟ ಶರಣರ ವಂಶದವರು ನಾವು.

ಅಂಗೈಯ ಲಿಂಗ, ಅವ್ವನ ಮಾತು

ಈ ಪ್ರಶ್ನೆಯನ್ನು ನಾವು ಗ್ರಂಥಗಳಿಂದ ಎತ್ತಿಕೊಂಡಿಲ್ಲ. ನಮ್ಮ ಮನೆಯಲ್ಲಿಯೇ ಅದು ಹುಟ್ಟಿತು. ನಮ್ಮ ತಾಯಿಯವರು ಅರವತ್ತು ದಾಟಿದ ಮೇಲೆ ಒಂದು ಫಾಲ್ಗುಣದಲ್ಲಿ, ಊರಿನ ಕಂಬಿಯ ಜೊತೆಗೆ ಶ್ರೀಶೈಲಕ್ಕೆ ನಡೆದುಹೋಗಬೇಕೆಂಬ ಆಸೆಯನ್ನು ತೋಡಿಕೊಂಡರು. ನಾವಾಗ ವಚನ ಸಾಹಿತ್ಯವನ್ನು ಒಂದಿಷ್ಟು ಓದಿಕೊಂಡು, ಸಭೆಗಳಲ್ಲಿ ನಾಲ್ಕು ಮಾತನಾಡುವ ಅಭ್ಯಾಸ ಮಾಡಿಕೊಂಡಿದ್ದ ಕಾಲ. ಅವ್ವನ ಎದುರಿಗೂ ಅದೇ ಭಾಷಣವನ್ನು ಒಪ್ಪಿಸಿದೆವು. ಬಸವಣ್ಣನವರು ಕಲ್ಲಿನ ಗುಡಿಗಿಂತ ಮನುಷ್ಯನ ಒಡಲನ್ನೇ ದೊಡ್ಡದೆಂದು ಕಂಡರು, ಸ್ಥಾವರಕ್ಕಿಂತ ಜಂಗಮವೇ ಮಿಗಿಲೆಂದು ಸಾರಿದರು, ಅಂಗೈಯಲ್ಲಿಯೇ ಲಿಂಗವಿರುವಾಗ ಆಂಧ್ರದ ಬೆಟ್ಟವನ್ನೇಕೆ ಏರಬೇಕು ಎಂದೆವು.

ಅವ್ವ ಎಲ್ಲವನ್ನೂ ಕೇಳಿಸಿಕೊಂಡು ಇಷ್ಟೇ ನುಡಿದರು: "ತಮ್ಮಾ, ದೇವರು ಅಂಗೈಯಾಗ ಅದಾನಂತ ನನಗೂ ಗೊತ್ತೈತಿ. ಮಗಳ ಮನಿಗೆ ಹೋಗಾಕ ದೇವರು ಎಲ್ಲಿ ಅದಾನಂತ ಯಾಕ ಕೇಳಬೇಕಪಾ?"

ನಮ್ಮ ಕಡೆಯ ಓದುಗರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಶ್ರೀಶೈಲದ ಭ್ರಮರಾಂಬೆ ಕನ್ನಡ ನಾಡಿನ ಭಕ್ತರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಮಲ್ಲಿಕಾರ್ಜುನನೊಬ್ಬ, ಹದಿನೆಂಟು ಶಕ್ತಿಪೀಠಗಳಲ್ಲಿ ಭ್ರಮರಾಂಬೆಯದೊಂದು ಎಂದು ಪುರಾಣಿಕರು ಎಣಿಸುವರು. ನಮ್ಮ ಹೆಣ್ಣುಮಕ್ಕಳು ಆ ಎಣಿಕೆಯ ಗೊಡವೆಗೆ ಹೋಗುವುದಿಲ್ಲ. ವರ್ಷದ ಮೊದಲ ಹಬ್ಬಕ್ಕೆ ಮಗಳಿಗೆ ಸೀರೆ, ಕುಪ್ಪಸ, ಬಳೆ, ಅರಿಸಿನ, ಕುಂಕುಮ ಮುಟ್ಟಿಸಬೇಕು. ತವರಿನವರು ಬರಲಿಲ್ಲವೆಂದು ಮಗಳು ಬಾಗಿಲಲ್ಲಿ ನಿಂತು ನೋಯಬಾರದು. ಅವರ ಯಾತ್ರೆಯ ತತ್ತ್ವ ಇಷ್ಟೇ.

ಅವ್ವನ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಕಳಿಸಲೂ ಇಲ್ಲ. "ಮುಂದಿನ ವರ್ಷ ನೋಡೋಣ" ಎಂದೆವು. ಮುಂದಿನ ವರ್ಷವೂ ಅದನ್ನೇ ಅಂದೆವು. ಮೂರನೆಯ ವರ್ಷ ಮಳೆಗಾಲದಲ್ಲಿ ಅವರ ಎಡಗಾಲಿನ ಶಕ್ತಿ ಉಡುಗಿತು. ಆಮೇಲೆ ನಾವು ಬೇಡವೆನ್ನುವ ಪ್ರಸಂಗವೇ ಉಳಿಯಲಿಲ್ಲ. ಈಗ ಪ್ರಾಮಾಣಿಕವಾಗಿ ಹೇಳುವುದಾದರೆ, ಅಂದು ನಮ್ಮನ್ನು ತಡೆದದ್ದು ಬಸವತತ್ತ್ವವಲ್ಲ. ಜೊತೆಗೆ ಹೋಗಲು ರಜೆ ಹಾಕಬೇಕಲ್ಲ, ಮುದುಕಿಗೆ ದಾರಿಯಲ್ಲಿ ಏನಾದರೂ ಆದರೆ ಏನು ಗತಿ ಎಂಬ ಅಳುಕು ತಡೆದಿತ್ತು. ನಮ್ಮ ಆಲಸ್ಯಕ್ಕೆ ಶರಣರ ಹೆಸರನ್ನು ಹೊದಿಸಿದ್ದೆವು.

ಶರಣರು ನಡೆದ ದಾರಿಗಳು

ಅವ್ವ ಹಾಸಿಗೆ ಹಿಡಿದ ಮೇಲೆ ನಾವು ಶರಣರ ಚರಿತ್ರೆಗಳನ್ನು ಮತ್ತೊಮ್ಮೆ, ಈ ಸಲ ವಾದಕ್ಕಾಗಿ ಅಲ್ಲದೆ, ಓದಿದೆವು. ಓದುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ತೀರ್ಥಕ್ಷೇತ್ರಗಳ ಡಾಂಭಿಕತನವನ್ನು ಅಷ್ಟು ಖಂಡಿಸಿದ ಶರಣರಷ್ಟು ನಡೆದವರು ಬೇರೆ ಯಾರು?

ಬಾಗೇವಾಡಿಯ ಬಾಲಕ ಬಸವಣ್ಣ ತಂದೆಯ ಮನೆಯನ್ನು ಬಿಟ್ಟು ಕೃಷ್ಣಾ ಮಲಪ್ರಭೆಗಳ ಸಂಗಮಕ್ಕೆ ನಡೆದ. ಕೊನೆಗೆ ಕಲ್ಯಾಣದಿಂದ ಅದೇ ಸಂಗಮಕ್ಕೆ ಮರಳಿದ. ಕಲ್ಯಾಣದ ಕೀರ್ತಿಯನ್ನು ಕೇಳಿ ಕಾಶ್ಮೀರದ ಅರಸನೊಬ್ಬ ಸಿಂಹಾಸನವನ್ನು ತೊರೆದು ಬಂದು, ಕಟ್ಟಿಗೆ ಮಾರುವ ಮೋಳಿಗೆಯ ಮಾರಯ್ಯನಾದನೆಂಬ ಪ್ರತೀತಿಯುಂಟು. ಆಂಧ್ರದ ಮಲ್ಲಿಕಾರ್ಜುನ ಪಂಡಿತಾರಾಧ್ಯರು ಬಸವಣ್ಣನವರನ್ನು ಕಾಣಲೆಂದು ಕಲ್ಯಾಣದತ್ತ ಹೊರಟಿದ್ದಾಗ, ಬಸವಣ್ಣನವರು ಲಿಂಗೈಕ್ಯರಾದ ವಾರ್ತೆ ಕೇಳಿ ಬಹಳ ನೊಂದರೆಂದು ಪಾಲ್ಕುರಿಕೆ ಸೋಮನಾಥನ ತೆಲುಗು ಕಾವ್ಯ ಹೇಳುತ್ತದೆ. 'ಪಂಡಿತಾರಾಧ್ಯ ಚರಿತ್ರ'ವೆಂಬ ಆ ಕಾವ್ಯದ ಪರ್ವತ ಪ್ರಕರಣದಲ್ಲಿ ಶಿವರಾತ್ರಿಗೆಂದು ಶ್ರೀಶೈಲಕ್ಕೆ ಸಾಗುವ ಯಾತ್ರಿಕರ ವರ್ಣನೆಯೇ ವಿಸ್ತಾರವಾಗಿ ಬಂದಿದೆ. ನೂರಾರು ವರ್ಷಗಳ ಹಿಂದೆಯೂ ಜನರು ಹೀಗೆಯೇ ಬೆಟ್ಟವನ್ನು ಹತ್ತುತ್ತಿದ್ದರು.

ಅಕ್ಕಮಹಾದೇವಿಯವರ ನಡಿಗೆಯಂತೂ ಎಲ್ಲರಿಗೂ ತಿಳಿದುದು. ಇಂದಿನ ಶಿಕಾರಿಪುರ ತಾಲೂಕಿನ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ. ಇಂದು ಬಸ್ಸಿನಲ್ಲಿ ಕುಳಿತರೂ ಮೈ ಹಣ್ಣಾಗುವ ಆ ದೂರವನ್ನು ಅಕ್ಕ ಒಬ್ಬಂಟಿಯಾಗಿ ಕ್ರಮಿಸಿದರು. ಅಕ್ಕನ ಅಂಕಿತ ಚೆನ್ನಮಲ್ಲಿಕಾರ್ಜುನ. ಸೊನ್ನಲಿಗೆಯ ಸಿದ್ಧರಾಮೇಶ್ವರರ ಅಂಕಿತದಲ್ಲಿಯೂ ಆ ಮಲ್ಲಿಕಾರ್ಜುನನೇ. ಶ್ರೀಶೈಲದ ಒಡೆಯನನ್ನು ಇವರು ಬೆಟ್ಟದ ಮೇಲೆ ಬಿಟ್ಟು ಬರಲಿಲ್ಲ, ಆಡುವ ಮಾತಿನ ಕೊನೆಯಲ್ಲಿ ಕೂರಿಸಿಕೊಂಡರು.

ಇಲ್ಲೊಂದು ಭೂಗೋಳದ ಮಾತನ್ನೂ ನೆನೆಯಬೇಕು. ಕೂಡಲಸಂಗಮದ ಮುಂದೆ ಹರಿಯುವ ಕೃಷ್ಣೆಯೇ ಶ್ರೀಶೈಲದಲ್ಲಿ ಪಾತಾಳಗಂಗೆಯೆನಿಸುತ್ತಾಳೆ. ಸೊಲ್ಲಾಪುರ ಸೀಮೆಯ ನೀರು ಭೀಮೆಯನ್ನು ಕೂಡಿ, ಶಿಕಾರಿಪುರ ಸೀಮೆಯ ನೀರು ತುಂಗಭದ್ರೆಯನ್ನು ಕೂಡಿ, ಎರಡೂ ಕೃಷ್ಣೆಯ ಪಾಲಾಗುತ್ತವೆ. ಬಸವಣ್ಣನ ಸಂಗಮ, ಸಿದ್ಧರಾಮನ ಸೊನ್ನಲಿಗೆ, ಅಕ್ಕನ ಉಡುತಡಿ, ಮೂರರ ನೀರೂ ಆ ಬೆಟ್ಟದ ಬುಡವನ್ನು ಸೇರಿಯೇ ಮುಂದಕ್ಕೆ ಸಾಗುತ್ತದೆ.

ಮಲ್ಲಯ್ಯ ಎಲ್ಲಿ?

ಯಾತ್ರೆಯ ಹಂಬಲವೆಂದರೇನು ಎಂಬುದನ್ನು ಸಿದ್ಧರಾಮನ ಕಥೆಯಷ್ಟು ತಿಳಿಯಾಗಿ ಹೇಳುವ ಕಥೆ ನಮ್ಮಲ್ಲಿ ಇನ್ನೊಂದಿಲ್ಲ. ರಾಘವಾಂಕನು 'ಸಿದ್ಧರಾಮ ಚರಿತ್ರೆ'ಯಲ್ಲಿ ಅದನ್ನು ಹಾಡಿದ್ದಾನೆ. ಮುದ್ದುಗೌಡ, ಸುಗ್ಗಲದೇವಿಯರ ಮಗ, ಮಂದಬುದ್ಧಿಯವನೆಂದು ಜನ ತಿಳಿದಿದ್ದ ಹುಡುಗ, ಹೊಲದಲ್ಲಿದ್ದಾಗ ಜಂಗಮನೊಬ್ಬ ಬಂದು ಹಸಿವೆಯೆಂದ. ತನ್ನ ಹೆಸರು ಮಲ್ಲಯ್ಯ, ಊರು ಶ್ರೀಶೈಲ ಎಂದ. ಹುಡುಗ ಹೊಲದ ತೆನೆಯನ್ನು ತಿನ್ನಿಸಿದ. ಅತಿಥಿ ಮಜ್ಜಿಗೆಯನ್ನು ಬಯಸಿದಾಗ ಮನೆಗೆ ಓಡಿದ. ತಾಯಿಯಿಂದ ಪಡೆದುಕೊಂಡು ಮರಳಿ ಬರುವಷ್ಟರಲ್ಲಿ ಮಲ್ಲಯ್ಯ ಅಲ್ಲಿರಲಿಲ್ಲ.

ಆ ಹುಡುಗ ಅತ್ತ. ಮಲ್ಲಯ್ಯಾ ಎಂದು ಕೂಗುತ್ತ ಅಲೆದ. ದಾರಿಯಲ್ಲಿ ಸಿಕ್ಕ ಶ್ರೀಶೈಲದ ಯಾತ್ರಿಕರು, "ಬಾ, ನಿನ್ನ ಮಲ್ಲಯ್ಯನನ್ನು ತೋರಿಸುತ್ತೇವೆ" ಎಂದು ಕರೆದುಕೊಂಡು ಹೋದರು. ಬೆಟ್ಟದ ಮೇಲೆ ಲಿಂಗವನ್ನು ತೋರಿಸಿದರು. ಇವನು ನನ್ನ ಮಲ್ಲಯ್ಯನಲ್ಲ ಎಂದ ಹುಡುಗ. ಎಲ್ಲರೂ ಕೈಮುಗಿದು ಧನ್ಯರಾದ ಜಾಗದಲ್ಲಿ ಅವನೊಬ್ಬನೇ ಬರಿಗೈಯಲ್ಲಿ ನಿಂತ. ಕಾಡು ಮೇಡುಗಳಲ್ಲಿ ಹುಡುಕಿ, ಕಾಣದೆ, ಆಳವಾದ ಕೊಳ್ಳಕ್ಕೆ ಹಾರಲು ಸಿದ್ಧನಾದಾಗ ಮಲ್ಲಯ್ಯ ಬಂದು ಹಿಡಿದುಕೊಂಡ.

ಕಥೆ ಇಲ್ಲಿಗೇ ಮುಗಿದಿದ್ದರೆ ಇದೂ ಒಂದು ಪವಾಡವೆನಿಸುತ್ತಿತ್ತು. ಮುಂದಿನದು ಮುಖ್ಯವಾದುದು. ಮಲ್ಲಯ್ಯ ಅವನನ್ನು ಬೆಟ್ಟದಲ್ಲಿ ಇರಿಸಿಕೊಳ್ಳಲಿಲ್ಲ. ಸೊನ್ನಲಿಗೆಗೆ ಹಿಂದಿರುಗು, ಅದನ್ನೇ ಶ್ರೀಶೈಲವನ್ನಾಗಿ ಮಾಡು ಎಂದು ಕಳಿಸಿದ. ಸಿದ್ಧರಾಮ ಹಿಂದಿರುಗಿ ಕೆರೆ ಅಗೆಸಿದ, ಗುಡಿ ಕಟ್ಟಿಸಿದ, ಊರಿನ ಸುತ್ತ ಅರವತ್ತೆಂಟು ಲಿಂಗಗಳನ್ನು ನೆಲೆಗೊಳಿಸಿದ. ಇಂದಿಗೂ ಸೊಲ್ಲಾಪುರದಲ್ಲಿ ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ಎತ್ತರದ ನಂದಿಧ್ವಜಗಳು ಮೆರವಣಿಗೆಯಲ್ಲಿ ಆ ಅರವತ್ತೆಂಟು ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ದೂರದ ಬೆಟ್ಟಕ್ಕೆ ಹೋಗಲಾರದವರಿಗೆ ತನ್ನ ಊರೇ ಯಾತ್ರೆಯಾಗುವಂತೆ ಮಾಡಿಟ್ಟ ಪುಣ್ಯಾತ್ಮ ಆತ.

ಆ ಕೆಲಸದಲ್ಲಿಯೂ ಅಹಂಕಾರ ಅಡಗಿ ಕುಳಿತಿರಬಹುದೆಂದು ಎಚ್ಚರಿಸಲು ಅಲ್ಲಮಪ್ರಭುಗಳೇ ಸೊನ್ನಲಿಗೆಗೆ ನಡೆದು ಬಂದರು. ಕಲ್ಲುಮಣ್ಣಿನ ಹಂಗನ್ನು ಕಳಚಿ ಸಿದ್ಧರಾಮನನ್ನು ಕಲ್ಯಾಣಕ್ಕೆ ಕರೆದೊಯ್ದರು. ಅಲ್ಲಿ ಚನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯಾಯಿತು. ಬೆಟ್ಟದಿಂದ ಊರಿಗೆ, ಊರಿಂದ ಅಂಗೈಗೆ, ಹೀಗೆ ಸಾಗಿತು ಆತನ ಯಾತ್ರೆ. ಅಂಗೈಯ ಲಿಂಗ ಆ ನಡಿಗೆಗೆ ವಿರೋಧವಾದುದಲ್ಲ, ಅದರ ಫಲ. ಒಂದು ಹೆಜ್ಜೆಯನ್ನೂ ಇಡದ ನಾವು ಆ ಫಲವನ್ನು ಮುಂದೊಡ್ಡಿ, ನಡೆಯಲು ಹೊರಟ ಅವ್ವನನ್ನು ತಡೆದಿದ್ದೆವು.

ನಲ್ಲಮಲೆಯ ಹಾದಿ

ಅವ್ವನ ಕಾಲು ಹೋದ ವರ್ಷ ಸೀರೆ, ಬಳೆಗಳ ಗಂಟು ಊರಿನವರ ಕೈಯಲ್ಲಿ ಹೋಯಿತು. ಕಂಬಿ ಮರಳಿದ ದಿನ ನಡೆದು ಬಂದವರನ್ನು ಅವ್ವ ಮನೆಗೆ ಕರೆಸಿಕೊಂಡು, ಕುಳಿತಲ್ಲಿಂದಲೇ ಅವರ ಪಾದ ತೊಳೆದರು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡ ಮೇಲೆ ಪ್ರಶ್ನೆಗಳು ಮೊದಲಾದವು. "ನಾಗಲೂಟ್ಯಾಗ ನೀರ ಸಿಕ್ಕುವೇನು? ಆತ್ಮಕೂರ ಕಡೆ ಮಂದಿ ಈ ವರ್ಷನೂ ಉಣ್ಣಾಕ ನೀಡಿದ್ರೇನು? ಭೀಮನಕೊಳ್ಳ ಇಳಿಯೂ ಮುಂದ ಮುದುಕ್ಯಾರ ಕೈ ಯಾರು ಹಿಡಿದ್ರು?" ಗುಡಿಯ ವಿಷಯವನ್ನಾಗಲಿ, ದರ್ಶನದ ವಿಷಯವನ್ನಾಗಲಿ ಅವರು ಕೇಳಲೇ ಇಲ್ಲ. ಮದುವೆಗೆ ಮುಂಚೆ ತಮ್ಮ ತಂದೆಯ ಜೊತೆ ಒಮ್ಮೆ ಆ ಹಾದಿಯನ್ನು ನಡೆದಿದ್ದರಂತೆ. ಅದನ್ನು ನಾವು ತಿಳಿದದ್ದು ಅಂದೇ. ಮೂರು ವರ್ಷ ವಾದ ಮಾಡಿದ ನಾವು, ನೀನು ಹಿಂದೆ ಹೋಗಿದ್ದೆಯಾ ಎಂದು ಒಮ್ಮೆಯಾದರೂ ಕೇಳಿರಲಿಲ್ಲ.

ಮರುವರ್ಷ ಗಂಟನ್ನು ನಾವೇ ಹೊತ್ತೆವು.

ಶ್ರೀಶೈಲವು ಇಂದಿನ ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯಲ್ಲಿ, ನಲ್ಲಮಲೆಯ ದಟ್ಟವಾದ ಕಾಡಿನ ನಡುವೆ, ಕೃಷ್ಣೆಯ ಬಲದಂಡೆಯ ಎತ್ತರದಲ್ಲಿದೆ. ಮೋಟಾರು ರಸ್ತೆ ಉಂಟು. ಹುಲಿಗಳ ರಕ್ಷಿತಾರಣ್ಯವಾದುದರಿಂದ ಕಾಡಿನ ಆ ರಸ್ತೆಯಲ್ಲಿ ರಾತ್ರಿ ವಾಹನಗಳನ್ನು ಬಿಡುವುದಿಲ್ಲ. ಪಾದಯಾತ್ರಿಗಳ ಹಳೆಯ ಹಾದಿ ಬೇರೆ. ಆತ್ಮಕೂರಿನಿಂದ ವೆಂಕಟಾಪುರ, ಅಲ್ಲಿಂದ ಕಾಡು ಹೊಕ್ಕು ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರ. 14ನೆಯ ಶತಮಾನದಲ್ಲಿ ರೆಡ್ಡಿ ಅರಸನಾದ ಪ್ರೋಲಯ ವೇಮಾರೆಡ್ಡಿ ಶ್ರೀಶೈಲದ ಬೆಟ್ಟಕ್ಕೆ ಮೆಟ್ಟಿಲುಗಳನ್ನು ಕಟ್ಟಿಸಿದ. ಕಾಡಿನೊಳಗೆ ಕಲ್ಲಿನ ಮೆಟ್ಟಿಲುಗಳನ್ನು ಏರುವಾಗ, ನಮಗಿಂತ ಮುಂಚೆ ನಡೆದವರ ನೆನಪು ತಾನಾಗಿಯೇ ಬರುತ್ತದೆ.

ಅಂಗಾಲಿನ ಬೊಬ್ಬೆಗಳನ್ನು ನಾವಿಲ್ಲಿ ವರ್ಣಿಸುವುದಿಲ್ಲ, ನಡೆದವರಿಗೆಲ್ಲ ಅದು ಗೊತ್ತು. ಹೇಳಬೇಕಾದದ್ದು ಬೇರೊಂದಿದೆ. ಕರ್ನೂಲು ಸೀಮೆಯ ಒಂದು ಹಳ್ಳಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ತಲೆ ತಿರುಗಿ ಒಂದು ಮನೆಯ ಜಗುಲಿಯ ಮೇಲೆ ಕುಳಿತೆವು. ಒಳಗಿನಿಂದ ಒಬ್ಬ ವೃದ್ಧೆ ಬಂದು, ಏನನ್ನೂ ಕೇಳದೆ, ಒಂದು ಚೊಂಬು ಮಜ್ಜಿಗೆ ಕೊಟ್ಟರು. ಅವರ ತೆಲುಗು ನಮಗೆ ತಿಳಿಯದು, ನಮ್ಮ ಕನ್ನಡ ಅವರಿಗೆ ತಿಳಿಯದು. ಕುಡಿದು ಚೊಂಬನ್ನು ಇಳಿಸುವಷ್ಟರಲ್ಲಿ ಅವರು ಬಗ್ಗಿ ಧೂಳು ತುಂಬಿದ ನಮ್ಮ ಕಾಲನ್ನು ಮುಟ್ಟಿ ನಮಸ್ಕರಿಸಿದರು. ನಾವು ಗಾಬರಿಯಾಗಿ ಕಾಲನ್ನು ಹಿಂದಕ್ಕೆಳೆದುಕೊಂಡೆವು. ಆಕೆ ನಕ್ಕು "ಮಲ್ಲಯ್ಯ" ಎಂದಷ್ಟೇ ಹೇಳಿದರು.

ಸೊನ್ನಲಿಗೆಯ ಹೊಲದಲ್ಲಿ ಮಜ್ಜಿಗೆ ಕೇಳಿದ ಅತಿಥಿಯ ಕಥೆ ನಮಗೆ ಅರ್ಥವಾದದ್ದು ಆ ಜಗುಲಿಯ ಮೇಲೆ. ಹಸಿದು ಬಂದವನೇ ಮಲ್ಲಯ್ಯ. ಆ ಹಾದಿಯುದ್ದಕ್ಕೂ ನೀರಿಡುವವರು, ಅಂಬಲಿ, ಅನ್ನ ನೀಡುವವರು, ಕಾಲಿಗೆ ಎಣ್ಣೆ ತಿಕ್ಕುವವರು ಜಾತಿ ಕುಲಗಳನ್ನು ಕೇಳದೆ ಪ್ರತಿಯೊಬ್ಬ ನಡೆಯುವವನನ್ನೂ ಹಾಗೆಯೇ ಕಾಣುತ್ತಾರೆ. ಮನೆ ಬಿಟ್ಟು, ಕೈಯಲ್ಲಿ ಏನನ್ನೂ ಇಟ್ಟುಕೊಳ್ಳದೆ, ಇನ್ನೊಬ್ಬರ ಬಾಗಿಲಲ್ಲಿ ಉಂಡು ಮುಂದಕ್ಕೆ ನಡೆಯುವ ಗೃಹಸ್ಥನು ಕೆಲವು ದಿನಗಳ ಮಟ್ಟಿಗಾದರೂ ಜಂಗಮಭಾವವನ್ನು ಅನುಭವಿಸುತ್ತಾನೆ. ಸ್ಥಾವರದ ಕಡೆಗೆ ನಡೆಯುತ್ತಿದ್ದೇವೆಂದು ನಾವು ತಿಳಿದಿರುತ್ತೇವೆ, ಆದರೆ ಹಾದಿಯು ನಮ್ಮಿಂದ ಜಂಗಮವನ್ನು ಮಾಡಿಸುತ್ತಿರುತ್ತದೆ. ಬೆಳಗಿನ ಜಾವ ಪೆದ್ದಚೆರುವಿನ ದಂಡೆಯಲ್ಲಿ, ಮಿಂದು ವಿಭೂತಿ ಧರಿಸಿ ಸಾಲಾಗಿ ಕುಳಿತ ಯಾತ್ರಿಕರ ಎಡಗೈಯಲ್ಲಿ ಇಷ್ಟಲಿಂಗಗಳಿದ್ದವು. ಬೆಟ್ಟದ ಲಿಂಗಕ್ಕೂ ಅಂಗೈಯ ಲಿಂಗಕ್ಕೂ ಜಗಳವಿದೆಯೆಂದು ಅವರಲ್ಲಿ ಯಾರಿಗೂ ತೋರಿದಂತಿರಲಿಲ್ಲ.

ಶ್ರೀಶೈಲದಲ್ಲಿ ಸಾಮಾನ್ಯ ಭಕ್ತನೂ ಮಲ್ಲಿಕಾರ್ಜುನನನ್ನು ಕೈಯಿಂದ ಮುಟ್ಟಿ ಹಣೆ ಹಚ್ಚುವ ಸ್ಪರ್ಶದರ್ಶನದ ಸಂಪ್ರದಾಯವಿದೆ. ಯುಗಾದಿಯ ಜನಸಂದಣಿಯಲ್ಲಿ ಅದು ಎಲ್ಲರಿಗೂ ದೊರೆಯುವುದು ಕಷ್ಟ. ನಮಗೂ ದೊರೆಯಲಿಲ್ಲ. ಕ್ಷಣಮಾತ್ರದ ದರ್ಶನವಾಯಿತು. ಭ್ರಮರಾಂಬೆಯ ಸನ್ನಿಧಿಯಲ್ಲಿ ಅವ್ವನ ಸೀರೆಯನ್ನು ಮುಟ್ಟಿಸಿದೆವು. ಹಿಂದೆ ನಿಂತವರು ಮುಂದಕ್ಕೆ ತಳ್ಳಿದರು. ಅಷ್ಟೇ.

ಮರಳಿದ ಮೇಲೆ

ಊರಿಗೆ ಬಂದಾಗ ಅವ್ವ ನಮ್ಮನ್ನೂ ಬಿಡಲಿಲ್ಲ, ಪಾದ ತೊಳೆಯಲು ತಂಬಿಗೆ ತರಿಸಿದರು. ಮಗನ ಪಾದವನ್ನು ತಾಯಿ ತೊಳೆಯುವುದೇ ಎಂದು ಸಂಕೋಚಪಟ್ಟಾಗ, "ಸುಮ್ಮನ ಕುಂಡ್ರು, ಈಗ ನೀ ನನ್ನ ಮಗ ಅಲ್ಲ" ಎಂದರು. ಆಮೇಲೆ ಅವೇ ಪ್ರಶ್ನೆಗಳು. ಭೀಮನಕೊಳ್ಳದಲ್ಲಿ ಮುದುಕಿಯೊಬ್ಬರ ಕೈ ಹಿಡಿದು ಇಳಿಸಿದ್ದನ್ನು ಹೇಳಿದಾಗ ಅವ್ವ ಬಹಳ ಹೊತ್ತು ಮಾತನಾಡಲಿಲ್ಲ. ನಮಗೂ ಮಾತು ಹೊರಡಲಿಲ್ಲ. ಆ ಕೈ ಯಾರದಾಗಿರಬಹುದಿತ್ತೆಂಬುದು ಇಬ್ಬರಿಗೂ ಗೊತ್ತಿತ್ತು.

ಇನ್ನೊಂದು ಸಂಗತಿಯೂ ನಮ್ಮ ಅರಿವಿಗೆ ಬಂತು. ಮೇಲಿನ ಊರುಗಳ ಕಂಬಿಗಳು ಪ್ರತಿ ವರ್ಷವೂ ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತವೆ. ಅಷ್ಟೂ ವರ್ಷ ಬಾಗಿಲಲ್ಲಿ ನೀರಿನ ಹರವಿ ಇಟ್ಟು, ಮಜ್ಜಿಗೆ ಕಡೆದು ಕೊಟ್ಟವರು ಅವ್ವ. ನಾವು ಒಳಗೆ ಕುಳಿತು ಜಂಗಮದ ಹಿರಿಮೆಯ ಮೇಲೆ ಲೇಖನ ಬರೆಯುತ್ತಿದ್ದೆವು. ಅವ್ವ ಲಿಂಗೈಕ್ಯರಾಗಿ ಈಗ ಕೆಲವು ವರ್ಷಗಳಾದವು. ಹರವಿಯನ್ನು ನಾವೇ ತುಂಬಿಡುತ್ತೇವೆ.

ಯಾತ್ರೆಯ ಹೆಸರಿನಲ್ಲಿ ನಡೆಯುವುದೆಲ್ಲವೂ ಒಳ್ಳೆಯದೆಂದು ನಾವು ಹೇಳುವವರಲ್ಲ. ಸಾಲ ಮಾಡಿ ಹೋಗುವುದು, ಹಾದಿಯಲ್ಲಿ ಗದ್ದಲ, ವ್ಯಸನಗಳಿಗೆ ಬೀಳುವುದು, ವನ್ಯಪ್ರಾಣಿಗಳು ನೀರು ಕುಡಿಯುವ ಕೆರೆಯ ದಂಡೆಯಲ್ಲಿ ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಎಸೆದು ಬರುವುದು, ಇವನ್ನು ಕಂಡಿದ್ದರೆ ಶರಣರು ಇಂದಿಗೂ ಅಷ್ಟೇ ಕಟುವಾಗಿ ನುಡಿಯುತ್ತಿದ್ದರು. ಪಾಪವನ್ನು ಬೆಟ್ಟದ ಮೇಲೆ ಇಳಿಸಿ ಬಂದು, ಮನೆಯಲ್ಲಿ ಹೊಸ ಲೆಕ್ಕ ತೆರೆಯುವ ಯಾತ್ರೆಯನ್ನೇ ಅವರು ಖಂಡಿಸಿದ್ದು. ಆದುದರಿಂದ ಹೋಗುವವರು ಹಗುರವಾಗಿ ಹೋಗಲಿ. ಬಿಸಿಲೇರುವ ಮುನ್ನ ನಡೆಯಲಿ, ಕಾಯಿಲೆಯವರು ವೈದ್ಯರನ್ನು ಕೇಳಿಯೇ ಹೊರಡಲಿ, ಒಯ್ದ ಕಸವನ್ನು ಒಯ್ದವರೇ ಹೊತ್ತು ತರಲಿ. ಮರಳಿ ಬಂದು ಐದೇಶಿ ಮಾಡಿ ಊರಿಗೆ ಉಣಬಡಿಸುವಾಗ, ಸಿದ್ಧರಾಮನ ಕೆರೆಯ ನೆನಪೂ ಇರಲಿ. ಊರಿನ ಬಾವಿಯ ಹೂಳು ತೆಗೆಯುವುದೂ ಮಲ್ಲಯ್ಯನ ಹಾದಿಯೇ.

ಓದುಗ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಯಲ್ಲಿ ವಯಸ್ಸಾದ ತಂದೆಯೋ ತಾಯಿಯೋ ಅತ್ತೆಯೋ ಮಾವನೋ ಇದ್ದರೆ, ಈ ಯುಗಾದಿಗೆ ಮುಂಚೆ ಒಮ್ಮೆ ಅವರ ಬಳಿ ಕುಳಿತು, ಎಲ್ಲಿಗೆ ಹೋಗಬೇಕೆಂಬ ಆಸೆಯಿದೆ ಎಂದು ಕೇಳಿರಿ. ಅದು ಶ್ರೀಶೈಲವಾಗಿರಬಹುದು, ಕೂಡಲಸಂಗಮವಾಗಿರಬಹುದು, ತಮ್ಮ ತವರೂರಿನ ಹಳೆಯ ಗುಡಿಯಾಗಿರಬಹುದು. ಉತ್ತರ ಕೊಡುವ ಆತುರ ಬೇಡ, ಅವರು ಹೇಳುವುದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿರಿ. ನಡೆಯಲು ಶಕ್ತಿಯಿದ್ದರೆ ಜೊತೆಗೆ ನಡೆಯಿರಿ, ಇಲ್ಲವಾದರೆ ಬಂಡಿಯಲ್ಲೋ ಬಸ್ಸಿನಲ್ಲೋ ಕರೆದೊಯ್ಯಿರಿ. ಮುಂದಿನ ವರ್ಷ ನೋಡೋಣ ಎಂದು ಮಾತ್ರ ಹೇಳಬೇಡಿರಿ.